ಸಾಗರದ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ ಮತ್ತು ಲಿನಕ್ಸ್

ಸಾಗರದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಸಿದ್ಧಪಡಿಸುವ ಕೆಲಸ, ಮಾಡಿಕೊಂಡಿರುವ ನನ್ನಂಥವರಿಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳಲ್ಲಿ ವಿಂಡೋಸ್ ಮೇಲೋ ಉಚಿತವಾಗಿ ಸಿಗುವ ಲಿನಕ್ಸ್ ಮೇಲೋ ಎಂಬುದು ಬಹುಕಾಲ ಮಳೆಗಾಲದ ಬಿಡುವಿನ ಹರಟೆಯಷ್ಟೇ ಆಗಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ ಅದು ಹಣದ ಪ್ರಶ್ನೆಯಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿರಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕು. ಅಂಗಡಿಯಲ್ಲಿದ್ದ ಹೆಚ್ಚಿನ ಯಂತ್ರಗಳು ಅದಕ್ಕಿಂತ ಹಳೆಯವು, ಆದರೆ ಕೆಲಸಕ್ಕೆ ಯಾವ ಕೊರತೆಯೂ ಇಲ್ಲದವು.

ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆಯುವ ನನ್ನ ಭಾವನಿಗೆ ಈ ಚರ್ಚೆಯ ಸಿದ್ಧಾಂತಗಳಲ್ಲಿ ಆಸಕ್ತಿಯಿಲ್ಲ. “ಟ್ಯಾಲಿ ಓಡುತ್ತಾ ಇಲ್ವಾ, ಅಷ್ಟು ಹೇಳು ಭಾವ” ಎಂದು ಕೇಳಿದ. ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ ಲೆಕ್ಕಪತ್ರದ ತಂತ್ರಾಂಶವಾದ್ದರಿಂದ ಅವನ ಮಟ್ಟಿಗೆ ವಾದ ಅಲ್ಲಿಗೇ ಮುಗಿಯಿತು.

ನನ್ನ ಪಾಲಿನ ಕೆಲಸದಲ್ಲಿ ಅದು ಅಷ್ಟು ಸುಲಭವಿರಲಿಲ್ಲ. ನಮ್ಮನ್ನು ವಿಂಡೋಸಿಗೆ ಕಟ್ಟಿಹಾಕಿದ್ದು ವಿಂಡೋಸಿನ ಗುಣವಲ್ಲ, ಹಳೆಯ ನುಡಿ ಫಾಂಟಿನ ಕಡತಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಫಾಂಟನ್ನು ಲಿನಕ್ಸಿಗೂ ಹಾಕಿ ಲಿಬ್ರೆ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಓದಬಹುದಾದರೂ ತಿದ್ದಲು ಹಳೆಯ ತಂತ್ರಾಂಶವೇ ಬೇಕಾಗುತ್ತದೆ. ಆದ್ದರಿಂದ ವ್ಯವಸ್ಥೆಯನ್ನು ಬದಲಿಸುವ ಮೊದಲು ಕಡತಗಳನ್ನು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಯೂನಿಕೋಡಿಗೆ ತಂದೆ. ‘ಅರ್ಜಿ’ ಎಂಬುದರಲ್ಲಿ ಹಳೆಯ ಫಾಂಟು ಅರ್ಕಾವೊತ್ತನ್ನು ‘ಜಿ’ಯ ನಂತರ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಇದನ್ನು ಸರಿಯಾಗಿಯೇ ನಿಭಾಯಿಸುತ್ತವೆ. ನಿಜವಾಗಿ ಬೆವರಿಳಿಸಿದ್ದು ಸಹಕಾರ ಸಂಘಗಳ ವಾರ್ಷಿಕ ವರದಿಗಳು. ಅವುಗಳ ನಡುವೆ ಬರುವ ಇಂಗ್ಲಿಷ್ ಪದಗಳಿಗೂ ಕನ್ನಡಕ್ಕೂ ಒಳಗಿನ ಸಂಕೇತ ಒಂದೇ ಆಗಿರುವುದರಿಂದ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ, ಅವನ್ನು ಕಣ್ಣಿನಿಂದಲೇ ಹುಡುಕಬೇಕು.

ಇಷ್ಟಾದ ಮೇಲೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟಿಗೆ ಹೋಗುವುದು ಕಷ್ಟವಾಗಲಿಲ್ಲ. ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಜೊತೆಗೆ ಎಂ17ಎನ್ ಹಾಕಿಕೊಂಡರೆ ನುಡಿಯಲ್ಲಿ ರೂಢಿಯಾಗಿದ್ದ, ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆಯೇ ಸಿಗುತ್ತದೆ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಪುಟವಿನ್ಯಾಸಕ್ಕೆ 2024ರಲ್ಲಿ ಬಂದ ಸ್ಕ್ರೈಬಸ್ 1.6 ಕನ್ನಡದ ಒತ್ತುಗಳನ್ನು ಸರಿಯಾಗಿ ಜೋಡಿಸುತ್ತದೆ.

ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡ ಯಂತ್ರವೊಂದರಲ್ಲಿ ಬೆಳಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುವುದೇ ಇದಕ್ಕೆ ಕಾರಣ; ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸಿಗೆ ಹೇಳಿದ ಮೇಲೆ ಸರಿಹೋಯಿತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನೂ ಆರಿಸಬೇಕು, ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳದೆ, ಅದರ ಡ್ರೈವಿನಲ್ಲಿ ಲಿನಕ್ಸಿನಿಂದ ಬರೆಯಲು ಆಗದೆ ಹೋಗಬಹುದು.

ಲಿನಕ್ಸಿಗೆ ವೈರಸ್ಸಿಲ್ಲ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗಿರಾಕಿಗಳು ತರುವ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳು ಮಾಯವಾಗಿ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿರುತ್ತವಲ್ಲ, ಲಿನಕ್ಸಿನಲ್ಲಿ ಆ ಶಾರ್ಟ್‌ಕಟ್ ನಡೆಯುವುದಿಲ್ಲ, ಮರೆಮಾಡಿದ ಫೋಲ್ಡರೂ ಕಾಣುತ್ತದೆ. ಆದರೆ ನಾವು ಅಳಿಸದಿದ್ದರೆ ಅದೇ ರೋಗ ಗಿರಾಕಿಯ ಮನೆಗೆ ವಾಪಸು ಹೋಗುತ್ತದೆ! ಇನ್ನು ಆಷಾಢದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮೂರಿನಲ್ಲಿ, ನಾನು ಒಪ್ಪುವವರೆಗೆ ಅಪ್‌ಡೇಟ್ ತಡೆದು ನಿಲ್ಲುವ ಮಿಂಟಿನ ಸ್ವಭಾವ ನನಗೆ ಹಿತವೆನಿಸಿದೆ; ವಿಂಡೋಸಿನಲ್ಲಿ ಅದನ್ನು ಕೆಲವು ವಾರ ಮುಂದೂಡಬಹುದಷ್ಟೆ.

ಲಿನಕ್ಸ್ ಸೋತದ್ದು ಪ್ರಿಂಟರಿನಲ್ಲಿ. ನಮ್ಮ ಹಳೆಯ ಲೇಸರ್ ಪ್ರಿಂಟರಿಗೆ ತಯಾರಕರು ಕೊಟ್ಟ ಡ್ರೈವರ್ ಒಮ್ಮೆ ಮುದ್ರಿಸಿ ಮತ್ತೊಮ್ಮೆ ಸುಮ್ಮನಾಗುತ್ತಿತ್ತು. ಹಾಗಾಗಿ ಅದನ್ನು ಭಾವನ ವಿಂಡೋಸ್ 11 ಯಂತ್ರಕ್ಕೆ ಜೋಡಿಸಿ, ಉಳಿದ ಯಂತ್ರಗಳಿಂದ ಪಿಡಿಎಫ್ ಕಳಿಸುತ್ತೇವೆ. ಚಿತ್ರವಿನ್ಯಾಸದ ಕೋರೆಲ್ ಡ್ರಾದಲ್ಲಿ ಮಾಡಿಟ್ಟ ಮದುವೆ ಕಾಗದಗಳ ಮಾದರಿಗಳೂ ಅಲ್ಲೇ ಇವೆ. ಅವನ್ನು ಅದೇ ಬಗೆಯ, ಲಿನಕ್ಸಿನಲ್ಲೂ ಓಡುವ ಇಂಕ್‌ಸ್ಕೇಪಿನಲ್ಲಿ ಹೊಸದಾಗಿ ಮಾಡುವ ಕೆಲಸವನ್ನು ಲಗ್ನದ ಭರಾಟೆ ಮುಗಿದ ಮೇಲೆ ಕೈಗೆತ್ತಿಕೊಳ್ಳಬೇಕಾಗಿದೆ.