ಮಿಸ್ತ್ರಿಯ ಮಾತು ಮಾಡೆಲ್ ಮೇಲೆ ಬಂದಾಗ

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ವಾಲ್ವ್ ಕಂಪನಿಯಲ್ಲಿ ನಾನು ಡಿಸೈನ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಕಸುಬಿನಲ್ಲಿ ಹೊಸ ವಾಲ್ವ್ ಒಂದೇ ಸೂರಿನಡಿ ತಯಾರಾಗುವುದಿಲ್ಲ. ಡ್ರಾಯಿಂಗ್ ನಮ್ಮದು, ಎರಕದ ಅಚ್ಚು ಮೂಡಿಸಲು ಬೇಕಾದ ಪ್ಯಾಟರ್ನ್ ಮಾಡುವ ಮಿಸ್ತ್ರಿ ಬೇರೆ, ಎರಕ ಬೆಳಗಾವಿಯ ಫೌಂಡ್ರಿಯಲ್ಲಿ, ಮಷಿನಿಂಗ್ ತಾರಿಹಾಳದಲ್ಲಿ, ಗಿರಾಕಿ ಪುಣೆಯವರು. ಇಷ್ಟು ಜನರ ನಡುವೆ ಡ್ರಾಯಿಂಗ್ ಓಡಾಡುತ್ತಿದ್ದದ್ದು ವಾಟ್ಸಾಪ್‌ನಲ್ಲಿ.

ವಾಟ್ಸಾಪ್ ಬೇಗ ಮುಟ್ಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೋ ಕುಗ್ಗಿಸುತ್ತದೆ. ಪೈಪಿಗೆ ಬೋಲ್ಟ್ ಹಾಕಿ ಕೂಡಿಸುವ ಅಂಚಾದ ಫ್ಲ್ಯಾಂಜ್ ಮುಖದ ಫಿನಿಶ್ (ನುಣುಪು) 3.2ರಿಂದ 6.3 ಮೈಕ್ರಾನ್ ಎಂದು ಬರೆದಿದ್ದರೆ, ಮಸುಕಾದ ಫೋಟೋದಲ್ಲಿ ಚುಕ್ಕೆ ಎಲ್ಲಿದೆ ಎಂದು ಹುಡುಕಬೇಕು. ಅದಕ್ಕಿಂತ ದೊಡ್ಡ ತಲೆನೋವು ರಿವಿಷನ್, ಅಂದರೆ ಡ್ರಾಯಿಂಗಿನ ತಿದ್ದಿದ ಆವೃತ್ತಿ. ನಾವು ರಿವಿಷನ್ ಸಿ ಕಳಿಸಿರುತ್ತಿದ್ದೆವು, ಮಷಿನ್ ಪಕ್ಕದ ಮೊಳೆಗೆ ರಿವಿಷನ್ ಎ ನೇತಾಡುತ್ತಿರುತ್ತಿತ್ತು.

ಹಾಗಂತ ನೇರವಾಗಿ ದುಬಾರಿ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಪಿಡಿಎಫ್‌ಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು, ಪ್ರತಿ ಪ್ರಿಂಟಿನ ಮೂಲೆಗೆ ಕ್ಯೂಆರ್ ಕೋಡ್ ಹಾಕಿದೆವು. ರಿವಿಷನ್ ಬದಲಾದರೆ ಬೇರೆ ಫೈಲ್ ಹಾಕುವುದಿಲ್ಲ, ಅದೇ ಫೈಲಿಗೆ ಹೊಸ ವರ್ಷನ್ ಏರಿಸುತ್ತೇವೆ. ಹೀಗಾಗಿ ಲಿಂಕ್ ಅದೇ ಉಳಿಯುತ್ತದೆ. ಆಪರೇಟರ್ ಸ್ಕ್ಯಾನ್ ಮಾಡಿದರೆ ಕೈಯಲ್ಲಿರುವ ಕಾಗದ ಹಳೆಯದೋ ಹೊಸದೋ ಅಲ್ಲೇ ಗೊತ್ತಾಗುತ್ತದೆ. ಒಂದು ಎಚ್ಚರ ಇರಲಿ. ಹಳೆಯ ವರ್ಷನ್‌ಗಳನ್ನು ಡ್ರೈವ್ 30 ದಿನಗಳ ನಂತರ ಅಳಿಸಬಹುದು. ಉಳಿಯಬೇಕಾದ್ದಕ್ಕೆ 'ಕೀಪ್ ಫಾರೆವರ್' ಒತ್ತಲೇಬೇಕು. ವರ್ಷಗಳ ಮೇಲೆ ಗಿರಾಕಿ ಬಿಡಿಭಾಗ ಕೇಳಿದಾಗ ಬೇಕಾಗುವುದು ಆ ಹಳೆಯ ರಿವಿಷನ್ನೇ ಅಲ್ವಾ.

ಆಮೇಲೆ ಬ್ರೌಸರ್‌ನಲ್ಲಿ ತೆರೆದು ವಾಲ್ವಿನ 3ಡಿ ಮಾಡೆಲ್ ಮಾಡುವ ಕ್ಲೌಡ್ ಕ್ಯಾಡ್‌ಗೆ ಬಂದೆವು. ಡಿಸೈನ್ ಮುಗಿಯುವ ಮೊದಲೇ ಮಿಸ್ತ್ರಿ ಬಾಯಿ ಬಿಡಲು ಶುರು ಮಾಡಿದ್ದು ಆಗ. ಮೊದಲೆಲ್ಲ ಅವರ ಕೈಗೆ ಡ್ರಾಯಿಂಗ್ ಹೋಗುತ್ತಿದ್ದದ್ದು ಡಿಸೈನ್ ಮುಗಿದು, ಗಿರಾಕಿ ಸಹಿ ಹಾಕಿದ ಮೇಲೆ. ಆಗ ಅವರು ಏನು ಹೇಳಿದರೂ ಕೇಳುವವರು ಯಾರು? ಈಗ ಮಾಡೆಲ್ ಅರ್ಧ ಆಗಿರುವಾಗಲೇ ಫೋನಿನಲ್ಲಿ ತಿರುಗಿಸಿ ನೋಡುತ್ತಾರೆ. ಒಮ್ಮೆ ವಾಲ್ವ್ ಬಾಡಿಯ ಕುತ್ತಿಗೆಗೆ ಫ್ಲ್ಯಾಂಜ್ ಕೂಡುವ ಜಾಗ ತೋರಿಸಿ, "ಇಲ್ಲಿ ಭಾಳ ದಪ್ಪ ಆಗೇತ್ರಿ ಸಾಹೇಬ್ರ, ಒಳಗ ಟೊಳ್ಳ ಬೀಳ್ತೈತಿ" ಎಂದರು. ಸರಿಯಾದ ಮಾತು. ದಪ್ಪ ಜಾಗದಲ್ಲಿ ಕರಗಿದ ಉಕ್ಕು ಕೊನೆಗೆ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತಾ ಕುಗ್ಗುತ್ತದೆ. ಆ ಹೊತ್ತಿಗೆ ಕರಗಿದ ಉಕ್ಕನ್ನು ಹೆಚ್ಚುವರಿಯಾಗಿ ಹಿಡಿದಿಟ್ಟ ರೈಸರ್‌ನಿಂದ ಉಕ್ಕು ಬಂದು ತುಂಬದಿದ್ದರೆ ಒಳಗೆ ಪೊಳ್ಳು. ಹೊರಗೆ ಏನೂ ಕಾಣುವುದಿಲ್ಲ. ಮಷಿನಿಂಗ್ ಎಲ್ಲ ಮುಗಿದು ನೀರಿನ ಒತ್ತಡದ ಹೈಡ್ರೋ ಟೆಸ್ಟಿಗೆ ಕೂರಿಸಿ, 150 ಎಂಬ ಒತ್ತಡದ ಕ್ಲಾಸಿನ ಕಾರ್ಬನ್ ಸ್ಟೀಲ್ ಬಾಡಿಗೆ 450 ಪಿಎಸ್‌ಐ ಒತ್ತಡ ಕೊಟ್ಟಾಗ ಆ ಜಾಗ ಸಣ್ಣಗೆ ಬೆವರುತ್ತದೆ. ಎರಕದ ದುಡ್ಡೂ ಹೋಯಿತು, ಮಷಿನಿನ ದುಡ್ಡೂ ಹೋಯಿತು. ಅದೇ ದಪ್ಪವನ್ನು ಮಾಡೆಲ್‌ನಲ್ಲಿ ಇಳಿಸಲು ಅರ್ಧ ದಿನ ಸಾಕು.

ಮಿಸ್ತ್ರಿ ಟೈಪ್ ಮಾಡುವುದಿಲ್ಲ. ಕಾಮೆಂಟ್ ಬಾಕ್ಸ್ ಕಲಿಸಲು ಹೋಗಿ ಸುಮ್ನೆ ಅವರ ಬಾಯಿ ಮುಚ್ಚಿಸುವುದು ನನಗೆ ಬೇಕಿರಲಿಲ್ಲ. ಅವರು ವಾಯ್ಸ್ ಮೆಸೇಜ್ ಕಳಿಸಲಿ, ನಮ್ಮ ಜೂನಿಯರ್ ಇಂಜಿನಿಯರ್ ಅದನ್ನು ಕೇಳಿ, ಆ ದಿನವೇ ಮಾಡೆಲ್‌ನ ಅದೇ ಜಾಗಕ್ಕೆ ಕಾಮೆಂಟ್ ಆಗಿ ಬರೆಯಲಿ ಎಂದು ನಿಯಮ ಮಾಡಿದೆವು. ಫೋನಿನಲ್ಲಿ ಆದ ತೀರ್ಮಾನ ಕಾಮೆಂಟ್‌ನಲ್ಲಿ ಇಲ್ಲದಿದ್ದರೆ ಅದು ಆಗಿಲ್ಲ ಎಂದೇ ಲೆಕ್ಕ. ಈ ನಿಯಮಕ್ಕೆ ಜಾಸ್ತಿ ಮುನಿಸಿಕೊಂಡವರು ನಮ್ಮ ಸೀನಿಯರ್ ಡಿಸೈನರ್‌ಗಳೇ, ಮಿಸ್ತ್ರಿ ಅಲ್ಲ.

ಎಲ್ಲರಿಗೂ ಎಲ್ಲವನ್ನೂ ತೆರೆದಿಡುವುದೂ ಸರಿಯಲ್ಲ. ಉಕ್ಕಿನ ಎರಕ ಸುಮಾರು 2 ಶೇಕಡಾ ಕುಗ್ಗುತ್ತದೆ. 500 ಮಿಲಿಮೀಟರ್ ಎರಕ ಬೇಕಿದ್ದರೆ ಪ್ಯಾಟರ್ನ್ 510ರ ಹತ್ತಿರ ಇರಬೇಕು, ಅದರ ಜೊತೆಗೆ ಮಷಿನಿನಲ್ಲಿ ಕೆತ್ತಿ ತೆಗೆಯಲು ಬಿಡುವ ಹೆಚ್ಚುವರಿ ಉಕ್ಕು, ಅಂದರೆ ಮಷಿನಿಂಗ್ ಅಲೋಯನ್ಸ್, ಬೇರೆ. ಯಾರಾದರೂ ಮಷಿನ್ ಆದ ಮೇಲಿನ ಮಾಡೆಲ್ ತೆಗೆದುಕೊಂಡು ಪ್ಯಾಟರ್ನ್ ಮಾಡಿದರೆ ತೆಗೆಯಲು ಉಕ್ಕೇ ಇರುವುದಿಲ್ಲ. ಅದಕ್ಕೇ ಫೌಂಡ್ರಿಗೆ ಕಾಸ್ಟಿಂಗ್ (ಎರಕದ) ಮಾಡೆಲ್ ಮಾತ್ರ, ಮಷಿನ್ ಶಾಪಿಗೆ ನೋಡಲು ಮಾತ್ರ ಬರುವ ಲಿಂಕ್. ಇನ್ನೊಂದು ಕಾರಣವೂ ಇದೆ. ನಮ್ಮ ಮಷಿನ್ ಶಾಪೇ ನಮ್ಮ ಪೈಪೋಟಿಯವರ ಕೆಲಸವನ್ನೂ ಮಾಡುತ್ತದೆ. ಹುಬ್ಬಳ್ಳಿ ಅಷ್ಟೇನೂ ದೊಡ್ಡ ಊರಲ್ಲ.

ಪುಣೆಯವರ ಜೊತೆಗಿನ ಮೀಟಿಂಗ್‌ಗಳು ಕಡಿಮೆಯಾದವು. ಆದರೆ ಮೊದಲ ಎರಕವನ್ನು ಕತ್ತರಿಸಿ ನೋಡುವ ದಿನ ಈಗಲೂ ಬೆಳಗಾವಿಗೆ ಹೋಗುತ್ತೇನೆ. ಕತ್ತರಿಸಿದ ಮುಖದ ಮೇಲೆ ಬೆರಳಾಡಿಸಿದಾಗ ಸಿಗುವ ಸಣ್ಣ ತೂತು ವಿಡಿಯೋ ಕಾಲ್‌ನಲ್ಲಿ ಕಾಣುವುದಿಲ್ಲ.

ಬಗೆಹರಿಯದೆ ಉಳಿದದ್ದು ದುಡ್ಡಿನ ವಿಷಯ. ಮಿಸ್ತ್ರಿ ಒಂದು ವಾಲ್ವಿನ ಮಾಡೆಲ್ ನೋಡಿ ಮೂರ್ನಾಲ್ಕು ಕಡೆ ತಿದ್ದಿಸಿದ್ದರು. ನಮ್ಮ ಖರೀದಿ ವಿಭಾಗ ಪ್ಯಾಟರ್ನ್ ಆರ್ಡರನ್ನು ಕಡಿಮೆ ರೇಟಿನ ಇನ್ನೊಬ್ಬರಿಗೆ ಕೊಟ್ಟಿತು. ಮುಂದಿನ ಲಿಂಕ್ ಕಳಿಸಿದಾಗ ಅವರ ಉತ್ತರ ಬಂತು, "ಆರ್ಡರ್ ಯಾರಿಗಿ ಕೊಟ್ಟೀರಿ, ಅವರನ್ನ ಕೇಳ್ರಿ." ಈಗ ಮಾಡೆಲ್ ನೋಡಿಕೊಟ್ಟದ್ದಕ್ಕೆ, ಆರ್ಡರ್ ಯಾರಿಗೇ ಹೋಗಲಿ, ಬೇರೆ ಬಿಲ್ ಮಾಡಲು ಹೇಳಿದ್ದೇನೆ. ಕೈಗೆ ಏನೂ ಬರದ ಈ ಬಿಲ್ ಯಾಕೆ ಎಂದು ಖರೀದಿಯವರು ಪ್ರತಿ ಸಲ ಕೇಳುತ್ತಾರೆ, ನಾನು ಪ್ರತಿ ಸಲ ಸಹಿ ಹಾಕಿ ಕಳಿಸುತ್ತೇನೆ.