ಆಫರ್ ಲೆಟರ್ ಬಂತು, ಆರೋಗ್ಯ ವಿಮೆ ಮಾತ್ರ ಎರಡು ಲಕ್ಷ: ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಮೊದಲ ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಕೈಗೆ ಎಷ್ಟು ಬರುತ್ತೆ?’ ಅದೇ ಪತ್ರದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಗ್ರೂಪ್ ಮೆಡಿಕಲ್ ಇನ್ಶೂರೆನ್ಸ್, ₹2 ಲಕ್ಷ, ಉದ್ಯೋಗಿಗೆ ಮಾತ್ರ’. ಇಪ್ಪತ್ತೆರಡು ವರ್ಷದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಜ್ವರ ಬಂದರೆ ಒಂದು ಡೋಲೊ ನುಂಗಿ ಮಲಗುವ ವಯಸ್ಸು ಅದು. ಆದರೆ ಈ ಸಾಲನ್ನು ನಿಮ್ಮ ವಯಸ್ಸು ನೋಡಿ ಓದಬೇಡಿ. ಅಪ್ಪ ಅಮ್ಮನ ವಯಸ್ಸು ನೋಡಿ ಓದಿ. ಆಸ್ಪತ್ರೆ ಬಿಲ್ ಬರುವ ಸಾಧ್ಯತೆ ಅವರ ಕಡೆಯಿಂದಲೇ ಜಾಸ್ತಿ. ಕಟ್ಟಬೇಕಾದವರು ಮಾತ್ರ ಇನ್ನು ಮುಂದೆ ನೀವು.

1. ಮನೆಯಲ್ಲಿ ಈಗ ಏನಿದೆ, ಕೆಲಸ ಸೇರಿದ ಮೇಲೆ ಏನು ಉಳಿಯುತ್ತದೆ

ಆಫರ್ ಲೆಟರ್ ಪಕ್ಕಕ್ಕಿಡಿ. ಮೊದಲು ರೇಷನ್ ಕಾರ್ಡ್ ತೆಗೆಯಿರಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಯೋಜನೆಯ ಪ್ಯಾಕೇಜ್ ದರದಲ್ಲಿ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಗರಿಷ್ಠ ₹1.5 ಲಕ್ಷ. ಬಿಪಿಎಲ್ ಕಾರ್ಡ್‌ಗೆ ಕುಟುಂಬದ ವಾರ್ಷಿಕ ಆದಾಯ ₹1.2 ಲಕ್ಷ ದಾಟುವಂತಿಲ್ಲ. ನಿಮ್ಮ ಸಂಬಳ ತಿಂಗಳಿಗೆ ₹25,000 ಎಂದರೆ ವರ್ಷಕ್ಕೆ ₹3 ಲಕ್ಷ ಆಯಿತು. ನಿಮ್ಮ ಹೆಸರು ಅದೇ ಕಾರ್ಡ್‌ನಲ್ಲಿದ್ದರೆ, ಮುಂದಿನ ಪರಿಶೀಲನೆಯಲ್ಲಿ ಅದು ಎಪಿಎಲ್‌ಗೆ ಹೋಗಬಹುದು. ಅಂದರೆ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಗಿ ಬಂದರೆ, ನಿನ್ನೆವರೆಗೂ ಇದ್ದ ಐದು ಲಕ್ಷದ ಆಸರೆ ನಿಮ್ಮ ಸಂಬಳ ಶುರುವಾದ ಕಾರಣಕ್ಕೇ ಹೋಗಿರಬಹುದು. ಹಾಗಂತ ಆದಾಯ ಮುಚ್ಚಿಡಿ ಎನ್ನುತ್ತಿಲ್ಲ. ಹೋಗುವುದರ ಜಾಗಕ್ಕೆ ಹೊಸ ಕೆಲಸ ಏನು ತರುತ್ತದೆ ಎಂದು ನೋಡಿ ಅಷ್ಟೇ.

ಊರಿನ ಸಹಕಾರ ಸಂಘದ ಮೂಲಕ ಮನೆಯವರು ಯಶಸ್ವಿನಿ ಆರೋಗ್ಯ ಯೋಜನೆಗೆ ಹಣ ಕಟ್ಟುತ್ತಿದ್ದರೆ ಸಂಘದ ಕಾರ್ಯದರ್ಶಿಯನ್ನು ಒಂದು ಮಾತು ಕೇಳಿ. ಮಗನಿಗೋ ಮಗಳಿಗೋ ಸಂಬಳದ ಕೆಲಸ ಸಿಕ್ಕರೆ ಯಾರ ಹೆಸರು ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ತಿಳಿದುಕೊಳ್ಳಿ. ಅಪ್ಪ ಅಥವಾ ಅಮ್ಮ ಕೆಲಸದಲ್ಲಿದ್ದು ಅವರ ಕಂಪನಿ ವಿಮೆಯಲ್ಲಿ ನೀವೂ ಇದ್ದರೆ ಪುಣ್ಯ. ಎಷ್ಟೋ ಪಾಲಿಸಿಗಳಲ್ಲಿ ಮಕ್ಕಳಿಗೆ 25 ವರ್ಷದವರೆಗೂ ರಕ್ಷಣೆ ಇರುತ್ತದೆ. ಆದರೆ ದುಡಿಯಲು ಶುರು ಮಾಡಿದ ಮಕ್ಕಳನ್ನು ಕೆಲವು ಪಾಲಿಸಿಗಳು ಕೈಬಿಡುತ್ತವೆ.

2. ಸಂಬಳ ₹21,000ದ ಈಚೆಯೋ ಆಚೆಯೋ

ತಿಂಗಳ ವೇತನ ₹21,000ದವರೆಗೆ ಇದ್ದರೆ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ. ನಿಮ್ಮ ವೇತನದಿಂದ ಶೇ 0.75 ಕಡಿತ. ಕಂಪನಿ ಶೇ 3.25 ಹಾಕುತ್ತದೆ. ₹20,000 ವೇತನಕ್ಕೆ ನಿಮ್ಮ ಪಾಲು ₹150, ಕಂಪನಿಯದು ₹650.

ಇಎಸ್‌ಐ ಅಂದ ತಕ್ಷಣ ಮೂಗು ಮುರಿಯುವವರೇ ಹೆಚ್ಚು. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕ್ಯೂ ಇರುತ್ತದೆ, ನಿಜ. ಮೊದಲು ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಂಡು ಹೋಗಬೇಕು, ಅದೂ ನಿಜ. ಆದರೆ ಅದರಲ್ಲಿ ನಿಮ್ಮನ್ನು ಅವಲಂಬಿಸಿದ ತಂದೆ ತಾಯಿಗೂ ಚಿಕಿತ್ಸೆ ಇದೆ. ಚಿಕಿತ್ಸೆಯ ಖರ್ಚಿಗೆ ಎರಡು ಲಕ್ಷ, ಮೂರು ಲಕ್ಷ ಎಂಬ ಮೇಲ್ಮಿತಿ ಇಲ್ಲ. ಕಾಯಿಲೆಯಿಂದ ರಜೆ ಹಾಕಬೇಕಾಗಿ ಬಂದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ಸಿಗುತ್ತದೆ. ಅದಕ್ಕೆ ಮೊದಲು ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಹೊಸದಾಗಿ ಸೇರಿದವರಿಗೆ ದೊಡ್ಡ ಚಿಕಿತ್ಸೆಗಳು ಮೊದಲ ದಿನದಿಂದಲೇ ಸಿಗುವುದಿಲ್ಲ. ಇವಿಷ್ಟು ತಿಳಿದಿರಲಿ.

ಈಗ ಎರಡು ಆಫರ್ ಇವೆ ಅಂದುಕೊಳ್ಳಿ. ಒಂದರಲ್ಲಿ ವೇತನ ₹20,500, ಇಎಸ್‌ಐ ಉಂಟು. ಇನ್ನೊಂದರಲ್ಲಿ ₹22,500, ನಿಮಗೊಬ್ಬರಿಗೆ ₹1 ಲಕ್ಷದ ವಿಮೆ. ಎರಡು ಸಾವಿರ ಜಾಸ್ತಿ ಎಂದು ಎಲ್ಲರೂ ಎರಡನೆಯದಕ್ಕೆ ಓಡುತ್ತಾರೆ. ಮನೆಯಲ್ಲಿ ಶುಗರ್, ಬಿಪಿ ಇರುವ ಹಿರಿಯರಿದ್ದು, ಅವರಿಗೆ ಬೇರೆ ಯಾವ ರಕ್ಷಣೆಯೂ ಇಲ್ಲದಿದ್ದರೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಇಎಸ್‌ಐ ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜುಲೈನಲ್ಲಿ ಸಂಬಳ ಏರಿ ₹21,000 ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ಮುಂದುವರಿಯುತ್ತದೆ.

3. ಎಚ್‌ಆರ್‌ಗೆ ಬರೆದು ಕೇಳಿ

‘ಮೆಡಿಕಲ್ ಕವರ್ ಇದೆ’ ಎಂದು ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಂದು ಮೇಲ್ ಕಳಿಸಿ. ಹೊಸಬರು ವಿಮೆ ಬಗ್ಗೆ ಕೇಳಿದರೆ ಆಫರ್ ಹಿಂದಕ್ಕೆ ತಗೊಳ್ತಾರೆ ಎಂಬ ಭಯ ಬೇಡ. ಸಂಬಳ ಏರಿಸಿ ಎಂದು ಕೇಳುವುದು ಬೇರೆ, ಮಾಹಿತಿ ಕೇಳುವುದು ಬೇರೆ. ಹೀಗೆ ಬರೆದರೆ ಸಾಕು:

‘ನಮಸ್ಕಾರ ಮೇಡಂ, ಆಫರ್‌ಗೆ ಧನ್ಯವಾದಗಳು. ಒಪ್ಪಿಗೆ ಕಳಿಸುವ ಮೊದಲು ಆರೋಗ್ಯ ವಿಮೆಯ ವಿವರ ತಿಳಿದುಕೊಳ್ಳಬೇಕಿತ್ತು. ವಿಮೆ ಸೇರಿದ ದಿನದಿಂದಲೇ ಶುರುವಾಗುತ್ತದೆಯೇ, ಪ್ರೊಬೇಷನ್ ಮುಗಿದ ಮೇಲೆಯೇ? ನನ್ನ ಖರ್ಚಿನಲ್ಲಿ ತಂದೆ ತಾಯಿಯನ್ನು ಸೇರಿಸಬಹುದೇ, ಪ್ರೀಮಿಯಂ ಎಷ್ಟಾಗುತ್ತದೆ? ಮೊದಲೇ ಇರುವ ಕಾಯಿಲೆಗಳಿಗೆ ಮೊದಲ ದಿನದಿಂದ ಕವರ್ ಇದೆಯೇ? ರೂಮ್ ಬಾಡಿಗೆಗೆ ಮಿತಿ ಮತ್ತು ಕೋ-ಪೇ ಎಷ್ಟು? ಪಾಲಿಸಿಯ ಸಾರಾಂಶದ ಪ್ರತಿ ಕಳಿಸಿದರೆ ಉಪಕಾರವಾಗುತ್ತದೆ.’

ಕೋ-ಪೇ ಎಂದರೆ ಕ್ಲೇಮ್ ಮೊತ್ತದಲ್ಲಿ ನೀವೇ ಕೊಡಬೇಕಾದ ಪಾಲು. ಈ ಮೇಲ್‌ನಲ್ಲಿ ಅತಿ ಮುಖ್ಯವಾದದ್ದು ತಂದೆ ತಾಯಿಯನ್ನು ಸೇರಿಸುವ ಪ್ರಶ್ನೆ. ನೀವೇ ಹೊರಗೆ ಪಾಲಿಸಿ ಕೊಂಡರೆ, ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ವೇಟಿಂಗ್ ಪೀರಿಯಡ್ (ಕ್ಲೇಮ್ ಸಿಗದೆ ಕಾಯುವ ಅವಧಿ) ಇರಬಹುದು. ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇಲ್ಲ, ವೈದ್ಯಕೀಯ ತಪಾಸಣೆಯೂ ಇಲ್ಲ. ಡಯಾಬಿಟಿಸ್ ಇರುವ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ. ಪ್ರೀಮಿಯಂ ನಿಮ್ಮ ಸಂಬಳದಿಂದ ಕಡಿತವಾದರೂ ಪರವಾಗಿಲ್ಲ.

₹3 ಲಕ್ಷ ಎಂದರೆ ತಲೆಗೆ ಮೂರು ಲಕ್ಷವೋ, ಮನೆಮಂದಿಗೆಲ್ಲ ಸೇರಿ ಮೂರು ಲಕ್ಷವೋ ಎಂಬುದನ್ನೂ ಕೇಳಿ. ಫ್ಲೋಟರ್ ಎಂದು ಬರೆದಿದ್ದರೆ ಎಲ್ಲರಿಗೂ ಸೇರಿ ಅಷ್ಟೇ.

4. ರೂಮ್ ಬಾಡಿಗೆಯ ಸಾಲನ್ನು ಎರಡು ಸಲ ಓದಿ

ವಿಮಾ ಮೊತ್ತ ₹3 ಲಕ್ಷ, ರೂಮ್ ಬಾಡಿಗೆಗೆ ಅದರ ಶೇ 1 ಎಂದಿದೆ ಅನ್ನಿ. ದಿನಕ್ಕೆ ₹3,000. ಆಸ್ಪತ್ರೆಯಲ್ಲಿ ಆ ದರದ ರೂಮ್ ಖಾಲಿ ಇಲ್ಲ, ನೀವು ದಿನಕ್ಕೆ ₹6,000ದ ರೂಮ್ ತೆಗೆದುಕೊಂಡಿರಿ. ಹೆಚ್ಚುವರಿ ಮೂರು ಸಾವಿರ ನಾವು ಕಟ್ಟಿದರಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀವು ಮಿತಿಯ ಎರಡು ಪಟ್ಟು ಬಾಡಿಗೆಯ ರೂಮ್‌ನಲ್ಲಿದ್ದೀರಿ, ಆದ್ದರಿಂದ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚನ್ನೂ ಅದೇ ಲೆಕ್ಕದಲ್ಲಿ ಅರ್ಧ ಮಾಡುತ್ತಾರೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಮಾತ್ರ ಈ ಕತ್ತರಿ ಹಾಕುವಂತಿಲ್ಲ.

ನಾಲ್ಕು ದಿನದ ಒಂದು ಬಿಲ್ ನೋಡೋಣ. ಒಟ್ಟು ₹2 ಲಕ್ಷ. ರೂಮ್ ₹24,000, ಡಾಕ್ಟರ್ ಮತ್ತು ಆಪರೇಷನ್ ಖರ್ಚು ₹96,000, ಔಷಧಿ ಮತ್ತು ಪರೀಕ್ಷೆಗಳು ₹80,000. ವಿಮೆಯಿಂದ ರೂಮ್‌ಗೆ ₹12,000, ಡಾಕ್ಟರ್ ಮತ್ತು ಆಪರೇಷನ್‌ಗೆ ₹48,000, ಔಷಧಿ ಪೂರ್ತಿ ₹80,000. ಒಟ್ಟು ₹1.4 ಲಕ್ಷ. ತಂದೆ ತಾಯಿಗೆ ಶೇ 10 ಕೋ-ಪೇ ಇದ್ದರೆ ಇನ್ನೂ ₹14,000 ಹೋಯಿತು. ಮೂರು ಲಕ್ಷದ ವಿಮೆ ಇದ್ದೂ ಎರಡು ಲಕ್ಷದ ಬಿಲ್‌ಗೆ ನಿಮ್ಮ ಜೇಬಿನಿಂದ ₹74,000! ಅದಕ್ಕೇ ಹೇಳುವುದು, ರೂಮ್ ಬಾಡಿಗೆ ಮಿತಿ ಇಲ್ಲದ ₹2 ಲಕ್ಷದ ಪಾಲಿಸಿ, ಮಿತಿ ಇರುವ ₹3 ಲಕ್ಷದ ಪಾಲಿಸಿಗಿಂತ ಒಳ್ಳೆಯದಾಗಿರಬಹುದು. ಕಣ್ಣಿನ ಪೊರೆ, ಹರ್ನಿಯಾದಂತಹ ಚಿಕಿತ್ಸೆಗೆ ಬೇರೆ ಮಿತಿ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

5. ಎರಡೂ ಆಫರ್‌ಗಳನ್ನು ರೂಪಾಯಿಗೆ ಇಳಿಸಿ

ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ₹3.6 ಲಕ್ಷ ಅಂದರೆ ತಿಂಗಳಿಗೆ ₹30,000 ಕೈಗೆ ಬರುವುದಿಲ್ಲ. ಬೇಸಿಕ್ (ಮೂಲ ವೇತನ) ₹15,000 ಇದ್ದರೆ ಕಂಪನಿಯ ಪಿಎಫ್ ಪಾಲು ತಿಂಗಳಿಗೆ ₹1,800. ಅದು, ಗ್ರಾಚ್ಯುಟಿ, ಕೆಲವು ಕಡೆ ವಿಮೆಯ ಪ್ರೀಮಿಯಂ ಕೂಡ ಸಿಟಿಸಿ ಒಳಗೇ ಇರುತ್ತವೆ. ಇವೆಲ್ಲ ಕಳೆದು, ನಿಮ್ಮ ಪಿಎಫ್ ಪಾಲೂ ವೃತ್ತಿ ತೆರಿಗೆಯೂ ಹೋದ ಮೇಲೆ ಕೈಗೆ ಬರುವುದು ಸುಮಾರು ₹25,000.

ಈಗ ಹೋಲಿಸಿ. ₹3.6 ಲಕ್ಷದ ಆಫರ್‌ನಲ್ಲಿ ನಿಮಗೊಬ್ಬರಿಗೇ ವಿಮೆ. ₹3.36 ಲಕ್ಷದ ಇನ್ನೊಂದರಲ್ಲಿ ತಂದೆ ತಾಯಿಗೂ ₹3 ಲಕ್ಷ. ವ್ಯತ್ಯಾಸ ವರ್ಷಕ್ಕೆ ₹24,000. ಅಪ್ಪ ಅಮ್ಮನ ನಿಜವಾದ ವಯಸ್ಸು, ನಿಜವಾದ ಕಾಯಿಲೆ ಹಾಕಿ ಎರಡು ವಿಮಾ ಕಂಪನಿಗಳಿಂದ ಕೊಟೇಶನ್ ತೆಗೆಸಿ. ಅದು ₹30,000 ಬಂದರೆ ಕಡಿಮೆ ಸಿಟಿಸಿಯ ಆಫರ್‌ನಲ್ಲೇ ನಿಮಗೆ ಆರು ಸಾವಿರ ಉಳಿತಾಯ, ಜೊತೆಗೆ ಕಾಯುವಿಕೆಯೂ ಇಲ್ಲ. ₹15,000 ಬಂದರೆ ಮಾತು ಬೇರೆ. ಅಪ್ಪನಿಗೆ ನಿವೃತ್ತಿ ನಂತರವೂ ನಡೆಯುವ ಒಳ್ಳೆಯ ವಿಮೆ ಇದ್ದರೆ ಈ ಲೆಕ್ಕವೇ ಬೇಡ. ಹೆಚ್ಚು ಸಂಬಳದ್ದೇ ಹಿಡಿಯಿರಿ.

ಇನ್ನೊಂದು ಮಾತು. ಕೆಲಸ ಚೆನ್ನಾಗಿದ್ದು, ಕಲಿಯುವುದು ಬಹಳ ಇದ್ದು, ವಿಮೆ ಮಾತ್ರ ಸಣ್ಣದಾಗಿದ್ದರೆ ಆಫರ್ ಬಿಡಬೇಡಿ. ವಿಮೆಯನ್ನು ಹೊರಗಿನಿಂದ ತುಂಬಿಸಬಹುದು, ಮೊದಲ ಎರಡು ವರ್ಷದ ಕಲಿಕೆಯನ್ನು ಆಗುವುದಿಲ್ಲ.

6. ಕೊರತೆ ತುಂಬುವುದು ಹೇಗೆ

ನಿಮಗಾಗಿ ₹5 ಲಕ್ಷದ ಒಂದು ಸ್ವಂತ ಪಾಲಿಸಿ ತೆಗೆದುಕೊಳ್ಳಿ. ಈ ವಯಸ್ಸಿನಲ್ಲಿ ಪ್ರೀಮಿಯಂ ಕಡಿಮೆ, ಕಾಯಿಲೆಗಳೂ ಇಲ್ಲ. ಕಾಯುವ ಅವಧಿ ಈಗಲೇ ಶುರುವಾಗಿ ಮುಗಿದುಹೋಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು. ‘ತೆರಿಗೆ ಉಳಿಯುತ್ತೆ, ತಗೊಳ್ಳಿ’ ಎಂದು ಏಜೆಂಟ್ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಪ್ರೀಮಿಯಂ ಮೇಲಿನ ಆ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ.

ಸೂಪರ್ ಟಾಪ್‌ಅಪ್, ಅಂದರೆ ಒಂದು ಮಿತಿ ದಾಟಿದ ಬಿಲ್ ಮಾತ್ರ ಕಟ್ಟುವ ಪಾಲಿಸಿ, ಅಗ್ಗ. ಮಿತಿ ₹3 ಲಕ್ಷ ಅನ್ನಿ. ವರ್ಷದ ಒಟ್ಟು ಬಿಲ್‌ನಲ್ಲಿ ಮೊದಲ ₹3 ಲಕ್ಷ ನಿಮ್ಮದು ಅಥವಾ ಕಂಪನಿ ವಿಮೆಯದು, ಅದರ ಮೇಲಿನದು ಇದರದು. ಕಂಪನಿಯಲ್ಲಿ ₹3 ಲಕ್ಷ ಇದ್ದವರಿಗೆ ಸರಿ ಹೊಂದುತ್ತದೆ. ಆದರೆ ಕೆಲಸ ಬಿಟ್ಟ ದಿನ ಆ ಮೊದಲ ಮೂರು ಲಕ್ಷ ನಿಮ್ಮ ತಲೆಗೇ ಬರುತ್ತದೆ. ಆದ್ದರಿಂದ ಟಾಪ್‌ಅಪ್ ಒಂದನ್ನೇ ನಂಬಿ ಕೂರಬೇಡಿ. ಯಾವ ಫಾರಂ ಆದರೂ ಸರಿ, ಅಪ್ಪನ ಬಿಪಿ ಮಾತ್ರೆ ಮುಚ್ಚಿಡಬೇಡಿ. ಪ್ರೀಮಿಯಂನಲ್ಲಿ ಉಳಿಸಿದ್ದು ಕ್ಲೇಮ್ ತಿರಸ್ಕಾರವಾದಾಗ ಹತ್ತು ಪಟ್ಟಾಗಿ ಹೋಗುತ್ತದೆ.

7. ಸೇರಿದ ಮೊದಲ ತಿಂಗಳು, ಬಿಡುವ ಕೊನೆಯ ತಿಂಗಳು

ತಂದೆ ತಾಯಿಯ ಹೆಸರು ಸೇರಿಸಲು ಬಹಳ ಕಂಪನಿಗಳು ಸೇರಿದ ಮೊದಲ ಕೆಲವು ವಾರಗಳಷ್ಟೇ ಅವಕಾಶ ಕೊಡುತ್ತವೆ. ತಪ್ಪಿದರೆ ಪಾಲಿಸಿ ನವೀಕರಣದವರೆಗೆ ಕಾಯಬೇಕು. ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದಂತೆಯೇ ಕೊಡಿ. ಇ-ಕಾರ್ಡ್ ಬಂದ ಮೇಲೆ ಊರಿನ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಸಿಗುತ್ತದೆ ಎಂದು ಪಟ್ಟಿ ನೋಡಿ. ಬೆಂಗಳೂರಿನ ಇಪ್ಪತ್ತು ಆಸ್ಪತ್ರೆಗಳ ಹೆಸರಿದ್ದು ಹಾವೇರಿಯ ಒಂದೂ ಇಲ್ಲದಿದ್ದರೆ, ಊರಲ್ಲಿ ಇರುವ ಅಪ್ಪ ಅಮ್ಮನಿಗೆ ಏನು ಬಂತು? ಹಾಗಿದ್ದಾಗ ಮೊದಲು ನಾವೇ ಕಟ್ಟಿ ಆಮೇಲೆ ಹಣ ವಾಪಸ್ ಪಡೆಯಬೇಕಾಗುತ್ತದೆ. ಅದಕ್ಕೆ ಯಾವ ಕಾಗದ ಬೇಕು, ಎಷ್ಟು ದಿನದೊಳಗೆ ಕಳಿಸಬೇಕು ಎಂದು ಬರೆದು ಮನೆಯ ಗೋಡೆಗೆ ಅಂಟಿಸಿ ಬನ್ನಿ.

ಕೆಲಸ ಬಿಡುವಾಗ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಗುಂಪು ವಿಮೆಯಲ್ಲಿ ಕಳೆದ ಕಾಲ ಅಲ್ಲಿನ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಒಪ್ಪುವುದು, ಪ್ರೀಮಿಯಂ ನಿಗದಿ ಮಾಡುವುದು ವಿಮಾ ಕಂಪನಿಗೆ ಬಿಟ್ಟಿದ್ದು. ಹಾಗಾಗಿ ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಕಾಯಬೇಡಿ. ರಾಜೀನಾಮೆ ಕೊಟ್ಟ ವಾರವೇ ಪಾಲಿಸಿ ಬದಲಾಯಿಸಿಕೊಳ್ಳುವ ಬಗ್ಗೆ ಎಚ್‌ಆರ್‌ಗೆ ಒಂದು ಮೇಲ್ ಕೂಡ ಹೋಗಲಿ.