ಕಾನೊಗೆ ಬರುವವರೇ, ಪಡ್ಡಿನ ಹಂಚು ತರಬೇಡಿ

ನೈಜೀರಿಯಾದ ಕಾನೊಗೆ ಹೊರಟವರು ಫೋನ್ ಮಾಡಿದಾಗ ಮೊದಲು ಕೇಳುವುದು ತಿಂಡಿ ಬಗ್ಗೆಯೇ. ಹೆದರಬೇಡಿ, ಇಲ್ಲಿ ಮಾಸಾ ಇದೆ, ನಮ್ಮ ಪಡ್ಡಿನಂಥದ್ದೇ ಅಕ್ಕಿ ತಿಂಡಿ. ಕೆಲವರು ವೈನಾ ಅಂತಲೂ ಕರೆಯುತ್ತಾರೆ.

ನಾನು ಬರುವಾಗ ಬೀಡಿನ ಪಡ್ಡಿನ ಹಂಚನ್ನು ಸೂಟ್‌ಕೇಸಿಗೆ ತುರುಕಿಕೊಂಡು ಬಂದಿದ್ದೆ. ಅದರ ಭಾರಕ್ಕೆ ಎರಡು ಕೇಜಿ ಚಟ್ನಿಪುಡಿ ಮನೆಯಲ್ಲೇ ಉಳಿಯಿತು! ಇಲ್ಲಿ ನೋಡಿದರೆ ಬೀದಿ ಮೂಲೆಯಲ್ಲೇ ಅಂಥದ್ದೇ ಹಂಚು. ಹೌಸಾ ಭಾಷೆಯಲ್ಲಿ ಅದರ ಹೆಸರು ತಂಡಾ. ಕುಳಿಗಳು ಮಾತ್ರ ನಮ್ಮದಕ್ಕಿಂತ ಅಗಲ.

ಮಾಸಾಗೆ ಉದ್ದು ಹಾಕುವುದಿಲ್ಲ. ರಾತ್ರಿ ನೆನೆಸಿದ ಅಕ್ಕಿಗೆ ಒಂದಿಷ್ಟು ಅನ್ನ ಸೇರಿಸಿ ರುಬ್ಬಿ, ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ. ಹುಳಿ ಜಾಸ್ತಿಯಾದರೆ ಕನ್ವಾ ಎಂಬ ಉಪ್ಪಿನಂಥ ಕ್ಷಾರ ಬೀಳುತ್ತದೆ. ನಾವು ಸೋಡಾ ಹಾಕುತ್ತೇವಲ್ಲ, ಹಾಗೆ. ನಮ್ಮ ಬೀದಿಯಲ್ಲಿ ಮಾಸಾ ಮಾರುವ ಅಮ್ಮ ಕುಳಿಗೆ ಎಣ್ಣೆ ಬಿಟ್ಟು, ಹಿಟ್ಟು ಹೊಯ್ದು, ಅಂಚು ಕಂದುವವರೆಗೆ ಸುಮ್ನೆ ಕಾಯುತ್ತಾರೆ. ಆಮೇಲೆ ಚಮಚದ ತುದಿಯನ್ನು ಸುತ್ತ ಆಡಿಸಿ ಟಪ್ ಅಂತ ಮಗುಚಿಬಿಡುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಸಸ್ಯಾಹಾರಿಗಳು ಹುಷಾರಾಗಿರಬೇಕಾದದ್ದು ಜತೆಗೆ ಕೊಡುವ ಮಿಯಾರ್ ತೌಶೆಯ ವಿಷಯದಲ್ಲಿ. ಸಿಹಿಗುಂಬಳ, ಸೊಪ್ಪು, ಶೇಂಗಾ ಹಾಕಿದ ಸಾರು ಅದು. ನೋಡಿದರೆ ನಮ್ಮ ಪಲ್ಯದ ಸಾರೇ ಅನಿಸುತ್ತದೆ. ಆದರೆ ಸಾಮಾನ್ಯವಾಗಿ ಮಾಂಸದಲ್ಲೇ ಬೇಯಿಸಿರುತ್ತಾರೆ. "ಬಾಬು ನಾಮಾ" (ಮಾಂಸ ಬೇಡ) ಅಂತ ಹೇಳಿದರೆ ಬರೀ ತುಂಡು ತೆಗೆದು ಅದೇ ಸಾರು ಬಡಿಸಿಬಿಡಬಹುದು. ಅದಕ್ಕೆ ಸಾರೇ ಬೇಡ ಅನ್ನಿ. ಸಕ್ಕರೆ ಹಚ್ಚಿಕೊಳ್ಳಿ, ಇಲ್ಲವೇ ಯಾಜಿ ಕೇಳಿ. ಒಣಮೆಣಸಿನಕಾಯಿ, ಶುಂಠಿ, ಲವಂಗದ ಪುಡಿ ಅದು. ನಾನಂತೂ ಮನೆಗೆ ತಂದು ಶೇಂಗಾ ಚಟ್ನಿ ಜತೆ ತಿನ್ನುತ್ತೇನೆ.

ಹೋದ ತಕ್ಷಣ ಬೆಲೆ ಕೇಳಬೇಡಿ. ಮೊದಲು "ಇನಾ ಕ್ವಾನಾ" ಅನ್ನಿ, ರಾತ್ರಿ ನಿದ್ದೆ ಹೇಗಿತ್ತು ಅಂತ ವಿಚಾರಿಸಿದ ಹಾಗೆ. ಆಮೇಲೆ "ನಾವಾ ನೇ?", ಎಷ್ಟು ಅಂತ. ದುಡ್ಡು ಬಲಗೈಯಲ್ಲೇ ಕೊಡಿ. ಅದನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ ಅಲ್ವಾ?

ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ಡಿಸೆಂಬರ್, ಜನವರಿಯಲ್ಲಿ ಸಹಾರಾದಿಂದ ಹರ್ಮಟಾನ್ ಗಾಳಿ ಬೀಸುತ್ತದೆ. ಬೆಳಗಿನ ಜಾವ ಸ್ವೆಟರ್ ಬೇಕಾಗುವಷ್ಟು ಚಳಿ. ಮೊದಲ ವರ್ಷ ನನ್ನ ಹಿಟ್ಟು ಬೆಳಿಗ್ಗೆ ಇಟ್ಟ ಹಾಗೇ ಕೂತಿತ್ತು. ಈಗ ಪಾತ್ರೆಗೆ ಕಂಬಳಿ ಸುತ್ತಿ ಇಡುತ್ತೇನೆ.

ತಡವಾಗಿ ಎದ್ದು ಮಾಸಾ ಮುಗಿದಿದ್ದರೆ ಕೊಕೊ ಮತ್ತು ಕೊಸೈ ಹುಡುಕಿ. ಕೊಕೊ ಅಂದರೆ ಹುಳಿ ಬಂದ ಸಜ್ಜೆ ಗಂಜಿ, ಕೊಸೈ ಅಂದರೆ ಅಲಸಂದೆ ವಡೆ. ಡಬ್ಬಿ ಮಾತ್ರ ನಿಮ್ಮದೇ ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಗಂಜಿ ಹಿಡಿದು ನಡೆಯುವುದು ಕಷ್ಟ.